ಗೃಹಚಿತ್ರಗಳು ಮತ್ತು ಊರಿನ ಚರಿತ್ರೆ

ಗೃಹಚಿತ್ರ ಅಥವಾ ಹೋಮ್ ಮೂವಿ ಎಂದರೆ ವೃತ್ತಿಪರರಲ್ಲದವರು ತಮ್ಮ ಕುಟುಂಬ, ಬಂಧುಬಳಗ ಮತ್ತು ಸ್ನೇಹಿತರು ನೋಡುವುದಕ್ಕಾಗಿ, ವ್ಯಾಪಾರದ ಉದ್ದೇಶವಿಲ್ಲದೆ ತೆಗೆದ ಚಲನಚಿತ್ರ. ಮಗುವಿನ ಮೊದಲ ಹೆಜ್ಜೆ, ಮದುವೆ, ಜಾತ್ರೆ, ಪ್ರವಾಸ, ಹಬ್ಬದ ದಿನ ಮುಂತಾದವು ಇವುಗಳ ಸಾಮಾನ್ಯ ವಸ್ತುಗಳು. 20ನೆಯ ಶತಮಾನದ ಬಹುಭಾಗದಲ್ಲಿ ಇವನ್ನು 16 ಮಿ.ಮೀ., 9.5 ಮಿ.ಮೀ. ಹಾಗೂ 8 ಮಿ.ಮೀ. ಅಗಲದ ಫಿಲ್ಮಿನಲ್ಲಿ, ಅನಂತರ ವಿಡಿಯೊ ಟೇಪಿನಲ್ಲಿ ಚಿತ್ರೀಕರಿಸಲಾಗುತ್ತಿತ್ತು. ಇಂದು ಆ ಸ್ಥಾನವನ್ನು ಮೊಬೈಲ್ ದೂರವಾಣಿ ಪಡೆದಿದೆ.

ಮನೆಯವರ ನೆನಪಿಗಾಗಿ ತೆಗೆದ ಈ ಚಿತ್ರಗಳನ್ನು ಇತಿಹಾಸಕಾರರು ಊರು ಮತ್ತು ನಗರಗಳ ಗತಕಾಲದ ದಾಖಲೆಗಳೆಂದು ಪರಿಗಣಿಸುತ್ತಾರೆ. ಚಿತ್ರ ತೆಗೆದವರು ಮುಖ್ಯವೆಂದು ಭಾವಿಸದೆ ಹೋದ ಬೀದಿ, ಅಂಗಡಿ, ವಾಹನ, ಉಡುಗೆ, ನೀರಿನ ವ್ಯವಸ್ಥೆ ಮೊದಲಾದವು ಹಿನ್ನೆಲೆಯಲ್ಲಿ ತಾವಾಗಿಯೇ ದಾಖಲಾಗಿರುವುದೇ ಇದಕ್ಕೆ ಕಾರಣ. ಆದರೆ ಚಿತ್ರದಲ್ಲಿರುವ ಸ್ಥಳ, ಕಾಲ ಮತ್ತು ಜನರನ್ನು ಗುರುತಿಸಬಲ್ಲವರು ಇಲ್ಲವಾದರೆ ಈ ಮೌಲ್ಯದ ಬಹುಪಾಲು ನಷ್ಟವಾಗುತ್ತದೆ.

ತಂತ್ರಜ್ಞಾನದ ಬೆಳವಣಿಗೆ

ಫ್ರಾನ್ಸಿನ ಲ್ಯುಮಿಯೇರ್ ಸಹೋದರರು 1895ರಲ್ಲಿ ತೆಗೆದ ಕಿರುಚಿತ್ರಗಳಲ್ಲಿ ಒಂದು, ಆಗಸ್ಟ್ ಲ್ಯುಮಿಯೇರ್ ದಂಪತಿಗಳು ತಮ್ಮ ಮಗುವಿಗೆ ಉಣಿಸುವ ದೃಶ್ಯವಾಗಿದೆ. ಇದನ್ನು ಅನೇಕರು ಮೊದಲ ಗೃಹಚಿತ್ರವೆಂದು ಕರೆಯುತ್ತಾರೆ. ಆದರೆ ಆ ಕಾಲದ 35 ಮಿ.ಮೀ. ಫಿಲ್ಮು ದುಬಾರಿಯಾಗಿತ್ತು. ಅದರ ನೈಟ್ರೇಟ್ ಆಧಾರವಸ್ತು ಸುಲಭವಾಗಿ ಹೊತ್ತಿಕೊಳ್ಳುತ್ತಿದ್ದುದರಿಂದ ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯಕಾರಿಯೂ ಆಗಿತ್ತು.

1922ರಲ್ಲಿ ಫ್ರಾನ್ಸಿನ ಪಾಥೆ ಸಂಸ್ಥೆ 9.5 ಮಿ.ಮೀ. ಫಿಲ್ಮನ್ನೂ, 1923ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆ 16 ಮಿ.ಮೀ. ಫಿಲ್ಮನ್ನೂ ಮಾರುಕಟ್ಟೆಗೆ ತಂದವು. ಎರಡಕ್ಕೂ ಸುಲಭವಾಗಿ ಹೊತ್ತದ ಅಸಿಟೇಟ್ ಆಧಾರವಿದ್ದುದರಿಂದ ಚಲನಚಿತ್ರ ಮನೆಯೊಳಗೆ ಪ್ರವೇಶಿಸಿತು. 1932ರಲ್ಲಿ ಬಂದ 8 ಮಿ.ಮೀ. ಫಿಲ್ಮು ಖರ್ಚನ್ನು ಇನ್ನಷ್ಟು ತಗ್ಗಿಸಿತು. ಇದರಲ್ಲಿ 25 ಅಡಿ ಉದ್ದದ 16 ಮಿ.ಮೀ. ಅಗಲದ ಪಟ್ಟಿಯ ಒಂದು ಅರ್ಧದಲ್ಲಿ ಮೊದಲು ಚಿತ್ರ ತೆಗೆದು, ಸುರುಳಿಯನ್ನು ತಿರುವಿ ಹಾಕಿ ಇನ್ನೊಂದು ಅರ್ಧದಲ್ಲಿ ತೆಗೆಯಲಾಗುತ್ತಿತ್ತು. ಸಂಸ್ಕರಣೆಯ ನಂತರ ಪಟ್ಟಿಯನ್ನು ನಡುವೆ ಸೀಳಿ ಜೋಡಿಸಿದರೆ 50 ಅಡಿಯ ಸುರುಳಿ ಸಿದ್ಧವಾಗುತ್ತಿತ್ತು. ಸೆಕೆಂಡಿಗೆ 16 ಚೌಕಟ್ಟುಗಳ ವೇಗದಲ್ಲಿ ಅದು ನಾಲ್ಕು ನಿಮಿಷಗಳಿಗೆ ತುಸು ಹೆಚ್ಚು ಕಾಲ ಓಡುತ್ತಿತ್ತು. 1935ರಲ್ಲಿ 16 ಮಿ.ಮೀ. ಅಗಲದಲ್ಲಿಯೂ 1936ರಲ್ಲಿ 8 ಮಿ.ಮೀ. ಅಗಲದಲ್ಲಿಯೂ ಕೊಡಾಕ್ರೋಮ್ ವರ್ಣ ಫಿಲ್ಮು ಬಂದಿತು. 1965ರಲ್ಲಿ ಬಂದ ಸೂಪರ್ 8 ಪೆಟ್ಟಿಗೆಯ ರೂಪದಲ್ಲಿದ್ದು, ಕ್ಯಾಮೆರಾಕ್ಕೆ ಫಿಲ್ಮು ಹಾಕುವ ಕೆಲಸವನ್ನು ಸುಲಭಗೊಳಿಸಿತು.

ಈ ತಾಂತ್ರಿಕ ವಿವರಗಳು ಚಿತ್ರಗಳ ಸ್ವರೂಪವನ್ನೂ ನಿರ್ಧರಿಸಿದವು. ಫಿಲ್ಮು ಚಿಕ್ಕದಾಗಿದ್ದುದರಿಂದ ಒಂದೊಂದು ದೃಶ್ಯವೂ ಕೆಲವೇ ಸೆಕೆಂಡುಗಳದ್ದಾಗಿರುತ್ತದೆ. ಬಹುಪಾಲು ಚಿತ್ರಗಳು ಮೂಕವಾಗಿವೆ. ಇವೆಲ್ಲಕ್ಕಿಂತ ಮುಖ್ಯವಾದುದೆಂದರೆ, ಗೃಹಚಿತ್ರಗಳಿಗೆ ಸಾಮಾನ್ಯವಾಗಿ ರಿವರ್ಸಲ್ ಫಿಲ್ಮನ್ನು ಬಳಸಲಾಗುತ್ತಿತ್ತು. ಇದರಲ್ಲಿ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಸಂಸ್ಕರಣೆಗೊಂಡು ಪ್ರೊಜೆಕ್ಟರಿನಲ್ಲಿ ಓಡುತ್ತದೆ. ಹೀಗಾಗಿ ಬಹುತೇಕ ಗೃಹಚಿತ್ರಗಳ ಒಂದೇ ಒಂದು ಪ್ರತಿ ಜಗತ್ತಿನಲ್ಲಿರುತ್ತದೆ.

1976ರಲ್ಲಿ ಜಪಾನಿನ ಜೆವಿಸಿ ಸಂಸ್ಥೆ ವಿಎಚ್‌ಎಸ್ ವಿಡಿಯೊ ಕ್ಯಾಸೆಟನ್ನು ಪರಿಚಯಿಸಿತು. 1980ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮೆರಾಗಳು ಬಂದ ಮೇಲೆ ಫಿಲ್ಮಿನ ಬಳಕೆ ಹಿಂದೆ ಸರಿಯಿತು.

ಭಾರತದಲ್ಲಿ

ಲ್ಯುಮಿಯೇರ್ ಸಹೋದರರ ಚಿತ್ರಗಳು 1896ರ ಜುಲೈ 7ರಂದು ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದವು. ಅವುಗಳಿಂದ ಪ್ರೇರಿತರಾದ ಛಾಯಾಚಿತ್ರಗಾರ ಹರಿಶ್ಚಂದ್ರ ಸಖಾರಾಮ ಭಾಟವಡೇಕರ್ ವಿದೇಶದಿಂದ ಕ್ಯಾಮೆರಾ ತರಿಸಿಕೊಂಡು, 1899ರಲ್ಲಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನಿನಲ್ಲಿ ನಡೆದ ಕುಸ್ತಿಯನ್ನು ಚಿತ್ರೀಕರಿಸಿದರು. ಇದು ಗೃಹಚಿತ್ರವಲ್ಲದಿದ್ದರೂ, ಭಾರತೀಯರೊಬ್ಬರು ತಮ್ಮ ಊರಿನ ದೈನಂದಿನ ಬದುಕಿನತ್ತ ಕ್ಯಾಮೆರಾ ತಿರುಗಿಸಿದ ಮೊದಮೊದಲ ನಿದರ್ಶನಗಳಲ್ಲಿ ಒಂದು.

ಸಣ್ಣ ಅಗಲದ ಫಿಲ್ಮು ಬಂದ ನಂತರವೂ ಭಾರತದಲ್ಲಿ ಅದು ಅನುಕೂಲಸ್ಥರ ಹವ್ಯಾಸವಾಗಿಯೇ ಉಳಿಯಿತು. ಕ್ಯಾಮೆರಾ, ಫಿಲ್ಮು ಎರಡೂ ಹೊರದೇಶದಿಂದ ಬರಬೇಕಾಗಿತ್ತು. ಅರಸು ಮನೆತನಗಳು, ಬ್ರಿಟಿಷ್ ಅಧಿಕಾರಿಗಳು, ತೋಟಗಳ ಮಾಲೀಕರು, ಧರ್ಮಪ್ರಚಾರಕರು, ವ್ಯಾಪಾರಿಗಳು ಮುಂತಾದವರು ಇದರ ಮುಖ್ಯ ಬಳಕೆದಾರರಾಗಿದ್ದರು. 1937ರಲ್ಲಿ ಮುಂಬಯಿಯಲ್ಲಿ ಹವ್ಯಾಸಿ ಚಿತ್ರಗಾರರ ಸಂಘವೊಂದು ಆರಂಭವಾಯಿತು.

ಬ್ರಿಟಿಷ್ ಆಳ್ವಿಕೆಯ ಕಾಲದ ಕುಟುಂಬಗಳು ತೆಗೆದ ಚಿತ್ರಗಳ ದೊಡ್ಡ ಸಂಗ್ರಹವೊಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ 1899ರಿಂದ 1947ರವರೆಗಿನ ಭಾರತದ ಚಿತ್ರಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದಾಗ ಅವುಗಳಲ್ಲಿ ಹವ್ಯಾಸಿಗಳ ಚಿತ್ರಗಳೂ ಸೇರಿದ್ದವು. ಭಾರತದಲ್ಲಿ ಚಲನಚಿತ್ರ ಸಂರಕ್ಷಣೆಯ ಮುಖ್ಯ ಸಂಸ್ಥೆಗಳೆಂದರೆ 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಮತ್ತು 2014ರಲ್ಲಿ ಮುಂಬಯಿಯಲ್ಲಿ ಆರಂಭವಾದ ಫಿಲ್ಮ್ ಹೆರಿಟೇಜ್ ಫೌಂಡೇಶನ್.

ಚರಿತ್ರೆಯ ಆಕರವಾಗಿ

ಸರ್ಕಾರಿ ದಾಖಲೆಗಳು, ವಾರ್ತಾಚಿತ್ರಗಳು ಮತ್ತು ವೃತ್ತಪತ್ರಿಕೆಗಳು ಉದ್ಘಾಟನೆ, ಮೆರವಣಿಗೆ, ಗಣ್ಯರ ಭೇಟಿ, ಅಪಘಾತಗಳಂಥ ಘಟನೆಗಳನ್ನು ದಾಖಲಿಸುತ್ತವೆ. ಏನೂ ವಿಶೇಷ ನಡೆಯದ ದಿನ ಒಂದು ಬೀದಿ ಹೇಗಿತ್ತು ಎಂಬುದು ಅವುಗಳಲ್ಲಿ ಸಿಗುವುದು ಅಪರೂಪ. ಗೃಹಚಿತ್ರಗಳು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತವೆ. ಅಂಗಳದಲ್ಲಿ ನಿಂತ ಮಗುವಿನ ಹಿಂದೆ ಕಾಣುವ ಬಾವಿ, ಹೆಂಚಿನ ಮಾಡು, ಎತ್ತಿನ ಗಾಡಿ, ಅಂಗಡಿಯ ನಾಮಫಲಕದ ಭಾಷೆ, ರಸ್ತೆ ಬದಿಯ ಮರಗಳ ಸಾಲು ಇವೆಲ್ಲ ಮುಂದಿನವರಿಗೆ ಮಾಹಿತಿಯಾಗುತ್ತವೆ. ಸ್ಥಿರಚಿತ್ರದಲ್ಲಿ ಸಿಗದ ನಡಿಗೆ, ಹಾವಭಾವ, ತಲೆಯ ಮೇಲೆ ಕೊಡ ಹೊತ್ತು ಸಾಗುವ ರೀತಿ, ಸಂದಣಿಯ ವೇಗ ಮುಂತಾದವು ಚಲಿಸುವ ಚಿತ್ರದಲ್ಲಿ ಮಾತ್ರ ಉಳಿಯುತ್ತವೆ.

ಬೇಗ ಬದಲಾಗುವ ನಗರಗಳಲ್ಲಿ ಇದರ ಮಹತ್ವ ಹೆಚ್ಚು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಅಂಗಳ ಇಂದು ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ ಚಿತ್ರಮಂದಿರ ಮೆಟ್ರೊ ನಿಲ್ದಾಣಕ್ಕಾಗಿ ತೆರವಾಯಿತು. ಇಂಥ ಸ್ಥಳಗಳಲ್ಲಿ ಸಂಜೆಯ ವಿಹಾರಕ್ಕೆ ಬಂದ ಕುಟುಂಬವೊಂದು ತೆಗೆದ ಅರ್ಧ ನಿಮಿಷದ ಚಿತ್ರವೂ, ನಕ್ಷೆ ಹೇಳಲಾರದ ಎತ್ತರ, ನೆರಳು, ಜನಸಂಚಾರಗಳನ್ನು ತೋರಿಸಬಲ್ಲದು.

ಪ್ರಮುಖ ನಿದರ್ಶನಗಳು

ನಾಸಿಯೆಲ್ಸ್ಕ್, ಪೋಲೆಂಡ್: ಅಮೆರಿಕದಲ್ಲಿ ನೆಲೆಸಿದ್ದ ಡೇವಿಡ್ ಕರ್ಟ್ಜ್ ಎಂಬುವರು 1938ರಲ್ಲಿ ಯೂರೋಪ್ ಪ್ರವಾಸದ ನಡುವೆ ತಾವು ಹುಟ್ಟಿದ ಈ ಪಟ್ಟಣಕ್ಕೆ ಭೇಟಿ ನೀಡಿ ಸುಮಾರು ಮೂರು ನಿಮಿಷಗಳಷ್ಟು ಚಿತ್ರ ತೆಗೆದರು. ಕ್ಯಾಮೆರಾ ಕಂಡು ನೂಕಾಡುವ ಮಕ್ಕಳು, ಪ್ರಾರ್ಥನಾಮಂದಿರದಿಂದ ಹೊರಬರುವ ಜನರು ಅದರಲ್ಲಿದ್ದಾರೆ. ಮರುವರ್ಷ ಎರಡನೆಯ ಮಹಾಯುದ್ಧ ಆರಂಭವಾಯಿತು. ಪಟ್ಟಣದ ಸುಮಾರು 3,000 ಯಹೂದಿಗಳಲ್ಲಿ ಬದುಕುಳಿದವರು ನೂರಕ್ಕಿಂತ ಕಡಿಮೆ. 2009ರಲ್ಲಿ ಈ ಫಿಲ್ಮನ್ನು ಕಂಡುಕೊಂಡ ಮೊಮ್ಮಗ ಗ್ಲೆನ್ ಕರ್ಟ್ಜ್ ಅದನ್ನು ಅಮೆರಿಕದ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ನೀಡಿದರು. ಅಲ್ಲಿ ಅದನ್ನು ಉಳಿಸಿ ಅಂತರಜಾಲದಲ್ಲಿ ಪ್ರಕಟಿಸಿದ ಮೇಲೆ, ಚಿತ್ರದಲ್ಲಿ ಬಾಲಕನಾಗಿದ್ದ, ಯುದ್ಧದಿಂದ ಪಾರಾದ ವ್ಯಕ್ತಿಯೊಬ್ಬರು ಪತ್ತೆಯಾದರು. ಅವರ ನೆನಪಿನಿಂದ ಇನ್ನೂ ಹಲವರ ಹೆಸರುಗಳು ಮರಳಿ ದೊರೆತವು. ಈ ಶೋಧನೆಯನ್ನು ಕುರಿತ ಗ್ರಂಥ 2014ರಲ್ಲಿಯೂ, ಬಿಯಾಂಕಾ ಸ್ಟಿಗ್ಟರ್ ಅವರ ಸಾಕ್ಷ್ಯಚಿತ್ರ 2021ರಲ್ಲಿಯೂ ಬಂದವು.

ಟೊಪಾಜ್, ಅಮೆರಿಕ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು ತನ್ನ ಜಪಾನೀ ಮೂಲದ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಯೂಟಾ ರಾಜ್ಯದ ಟೊಪಾಜ್ ಶಿಬಿರದಲ್ಲಿದ್ದ ಡೇವ್ ತತ್ಸುನೊ, ನಿಷೇಧವಿದ್ದರೂ ಗುಟ್ಟಾಗಿ 8 ಮಿ.ಮೀ. ಕ್ಯಾಮೆರಾ ತರಿಸಿಕೊಂಡು ಶಿಬಿರದ ದಿನಚರಿಯನ್ನು ಚಿತ್ರೀಕರಿಸಿದರು. ಈ ಚಿತ್ರ 1996ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿತು.

ಡಲ್ಲಾಸ್, ಅಮೆರಿಕ: 1963ರ ನವೆಂಬರ್ 22ರಂದು ಅಧ್ಯಕ್ಷ ಜಾನ್ ಎಫ್. ಕೆನಡಿ ಅವರ ಹತ್ಯೆಯನ್ನು ಅಬ್ರಹಾಂ ಝಪ್ರೂಡರ್ ಎಂಬ ಉಡುಪು ತಯಾರಕರು ತಮ್ಮ 8 ಮಿ.ಮೀ. ಕ್ಯಾಮೆರಾದಲ್ಲಿ ಸೆರೆಹಿಡಿದರು. ಸುಮಾರು 26 ಸೆಕೆಂಡುಗಳ ಈ ಚಿತ್ರ ತನಿಖೆಯ ಮುಖ್ಯ ಸಾಕ್ಷ್ಯವಾಯಿತು.

ಬುಡಾಪೆಸ್ಟ್, ಹಂಗೇರಿ: ಪೇಟರ್ ಫೋರ್ಗಾಚ್ 1983ರಲ್ಲಿ ಖಾಸಗಿ ಛಾಯಾಚಿತ್ರ ಹಾಗೂ ಚಲನಚಿತ್ರಗಳ ಸಂಗ್ರಹವನ್ನು ಆರಂಭಿಸಿ, ಸಾಮಾನ್ಯ ಕುಟುಂಬಗಳ ಚಿತ್ರಗಳಿಂದಲೇ ಹಂಗೇರಿಯ 20ನೆಯ ಶತಮಾನದ ಕಥೆ ಹೇಳುವ ಸಾಕ್ಷ್ಯಚಿತ್ರ ಸರಣಿಯನ್ನು ರೂಪಿಸಿದರು.

ಸ್ಯಾನ್ ಫ್ರಾನ್ಸಿಸ್ಕೊ, ಅಮೆರಿಕ: ಸಂಗ್ರಾಹಕ ರಿಕ್ ಪ್ರೆಲಿಂಗರ್ 2006ರಿಂದ ಈ ನಗರದ ಗೃಹಚಿತ್ರಗಳು ಮತ್ತು ಇತರ ಅಪರೂಪದ ತುಣುಕುಗಳನ್ನು ಜೋಡಿಸಿ ಸಾರ್ವಜನಿಕವಾಗಿ ಪ್ರದರ್ಶಿಸುತ್ತ ಬಂದಿದ್ದಾರೆ. ಬಹುಪಾಲು ಮೂಕವಾದ ಈ ಚಿತ್ರಗಳನ್ನು ನೋಡುವಾಗ ಸಭಿಕರು ತಮಗೆ ಗೊತ್ತಿರುವ ಬೀದಿ, ಕಟ್ಟಡಗಳ ಹೆಸರನ್ನು ಗಟ್ಟಿಯಾಗಿ ಹೇಳಬೇಕೆಂಬುದು ಈ ಪ್ರದರ್ಶನಗಳ ಪದ್ಧತಿ.

ಕರ್ನಾಟಕ ಮತ್ತು ಗಡಿಭಾಗ

ಡಚ್ ಸಂಗೀತಶಾಸ್ತ್ರಜ್ಞ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿ ಹಾಡು, ಕುಣಿತ, ಆಚರಣೆಗಳನ್ನು ಮೂಕ ಫಿಲ್ಮಿನಲ್ಲಿಯೂ ಧ್ವನಿಮುದ್ರಣದಲ್ಲಿಯೂ ದಾಖಲಿಸಿದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಆ ದಾಖಲೆಗಳೊಂದಿಗೆ ತಮಿಳುನಾಡು, ಕೇರಳ ಹಾಗೂ ಕರ್ನಾಟಕಗಳಿಗೆ ಮರಳಿ ಹೋಗಿ, ಆ ಕಲೆಗಳಲ್ಲಿ ಉಳಿದುದೇನು, ಬದಲಾದುದೇನು ಎಂಬುದನ್ನು ಅಧ್ಯಯನ ಮಾಡಿದರು. ಹಳೆಯ ಚಿತ್ರವನ್ನು ಅದು ಹುಟ್ಟಿದ ನೆಲಕ್ಕೆ ಒಯ್ದು ಅಲ್ಲಿನವರಿಂದ ಓದಿಸುವ ವಿಧಾನಕ್ಕೆ ಇದು ಉತ್ತಮ ಮಾದರಿ.

ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಸಂಬಂಧಿಸಿದ ನಿದರ್ಶನವೊಂದು ಗೃಹಚಿತ್ರದ ವ್ಯಾಖ್ಯೆಗೆ ಸೇರದಿದ್ದರೂ ಇಲ್ಲಿ ಉಲ್ಲೇಖಾರ್ಹ. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಹಾಗೂ ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸ್ಥಾಪಿಸಿದ ಯುಗಾಂತರ್ ಎಂಬ ಬಳಗ, ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳಾ ಕಾರ್ಮಿಕರು ಸಂಘಟಿತರಾದ ಕಥೆಯನ್ನು ಅವರೊಡನೆ ಸೇರಿ 16 ಮಿ.ಮೀ. ಫಿಲ್ಮಿನಲ್ಲಿ ಚಿತ್ರಿಸಿತು. ‘ತಂಬಾಕು ಚಾಕಿಲಾ ಓಬ್ ಆಲಿ’ ಎಂಬ ಈ ಮರಾಠಿ ಚಿತ್ರ 1982ರಲ್ಲಿ ಸಿದ್ಧವಾಯಿತು. ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಇದನ್ನು ಡಿಜಿಟಲ್ ರೂಪದಲ್ಲಿ ಪುನರುಜ್ಜೀವಿಸಿದೆ. ಆಗ ಚಿಕ್ಕೋಡಿ ತಾಲೂಕಿಗೆ ಸೇರಿದ್ದ ಈ ಪಟ್ಟಣದ ದುಡಿಮೆಯ ಬದುಕು ಚಲಿಸುವ ಚಿತ್ರವಾಗಿ ಉಳಿದಿರುವುದು ಚಿತ್ರರಂಗದ ಹೊರಗಿನ ಇಂಥ ಪ್ರಯತ್ನದಿಂದ.

ಸಣ್ಣ ಊರುಗಳಲ್ಲಿ ಗೃಹಚಿತ್ರದ ಸ್ಥಾನವನ್ನು ಪಡೆದುದು ಮದುವೆಯ ವಿಡಿಯೊ. 1982ರ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ವರ್ಣ ದೂರದರ್ಶನ ಬಂದ ನಂತರ ವಿಡಿಯೊ ಉಪಕರಣಗಳು ಪಟ್ಟಣಗಳಿಗೂ ಹಬ್ಬಿದವು. ಮದುವೆಗೆ ವಿಡಿಯೊ ಶೂಟಿಂಗ್ ಮಾಡಿಸುವುದು ಕ್ರಮೇಣ ರೂಢಿಯಾಯಿತು. ಹಣ ಪಡೆದು ತೆಗೆಯುವವರ ಕೆಲಸವಾದ್ದರಿಂದ ಇದನ್ನು ಹವ್ಯಾಸಿ ಚಿತ್ರವೆನ್ನಲಾಗದು. ಆದರೂ ಮನೆಯವರಿಗಾಗಿ ತೆಗೆದು ಮನೆಯಲ್ಲೇ ಉಳಿದ ಚಿತ್ರವಾದ್ದರಿಂದ ದಾಖಲೆಯ ದೃಷ್ಟಿಯಿಂದ ಎರಡೂ ಒಂದೇ ಬಗೆಯವು. ಹಂದರ, ಊಟದ ಪಂಕ್ತಿ, ಬೀದಿಯ ಮೆರವಣಿಗೆ, ವಾದ್ಯದವರು, ಗುಡಿಯ ಮುಂಭಾಗ, ಕ್ಯಾಮೆರಾದ ಬೆಳಕಿಗೆ ಮುಖ ಮರೆಮಾಡುವ ಅಜ್ಜಿಯರು ಇವೆಲ್ಲ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸೇರಿರುತ್ತವೆ. ಫಿಲ್ಮಿನಲ್ಲಿಲ್ಲದ ಇನ್ನೊಂದು ಸಂಪತ್ತು ಇವುಗಳಲ್ಲಿದೆ: ಜನರ ಮಾತು. ಕನ್ನಡ, ಮರಾಠಿ ಎರಡೂ ಬೆರೆತ ಗಡಿಭಾಗದ ಆಡುನುಡಿ, ಸೋಬಾನೆ ಹಾಡುಗಳು, ಹೆಸರು ಹೇಳುವ ಶಾಸ್ತ್ರದ ಒಡಪುಗಳು ಧ್ವನಿಸಹಿತವಾಗಿ ಉಳಿದಿರುತ್ತವೆ.

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಡೆಯಾಗಿ, ಜನರು ನವನಗರಕ್ಕೆ ಸ್ಥಳಾಂತರಗೊಂಡದ್ದು ವಿಡಿಯೊ ಕ್ಯಾಸೆಟ್‌ಗಳು ಬಳಕೆಯಲ್ಲಿದ್ದ ಕಾಲಘಟ್ಟಕ್ಕೆ ಹೊಂದಿಕೊಂಡಿದೆ. ಇಂಥ ಊರಿನ ಓಣಿಗಳಲ್ಲಿ ತೆಗೆದ ಮದುವೆಯ ಕ್ಯಾಸೆಟ್ಟು, ನೆಲವೇ ಇಲ್ಲವಾದ ನೆರೆಹೊರೆಯ ದಾಖಲೆಯಾಗುತ್ತದೆ.

ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿಯ ಭೋಜ ಹಾಗೂ ಸುತ್ತಲಿನ ನದಿತೀರದ ಊರುಗಳಿಗೆ ಅಪಾಯ ಬೇರೆ ರೂಪದಲ್ಲಿದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅನೇಕ ಊರುಗಳಿಗೆ ನೀರು ನುಗ್ಗಿತು. ನೆರೆಯಲ್ಲಿ ಧಾನ್ಯ, ಜಾನುವಾರು, ಗೋಡೆಗಳ ನಷ್ಟದ ಲೆಕ್ಕವಾಗುತ್ತದೆ. ಕಪಾಟಿನ ಆಲ್ಬಮ್ಮು, ಕ್ಯಾಸೆಟ್ಟುಗಳ ನಷ್ಟ ಯಾವ ಪಂಚನಾಮೆಯಲ್ಲಿಯೂ ಸೇರುವುದಿಲ್ಲ.

ಮಿತಿಗಳು

ಗೃಹಚಿತ್ರಗಳು ಪೂರ್ಣ ಸತ್ಯವನ್ನು ಹೇಳುವ ಆಕರಗಳಲ್ಲ. ಕ್ಯಾಮೆರಾ ಕೊಳ್ಳಬಲ್ಲವರ ಮನೆಯ ಕಥೆಯೇ ಅವುಗಳಲ್ಲಿ ಹೆಚ್ಚಾಗಿರುತ್ತದೆ. ಬ್ರಿಟಿಷ್ ಕುಟುಂಬಗಳ ಚಿತ್ರಗಳಲ್ಲಿ ಭಾರತೀಯರು ಬಹುಮಟ್ಟಿಗೆ ಸೇವಕರಾಗಿ, ಹೆಸರಿಲ್ಲದವರಾಗಿ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಭಾರತೀಯ ಮನೆಗಳ ಚಿತ್ರಗಳಲ್ಲಿಯೂ ಆಳುಕಾಳುಗಳ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಲ್ಲ. ಚಿತ್ರ ತೆಗೆಯುತ್ತಿದ್ದವರು ಸಾಮಾನ್ಯವಾಗಿ ಗಂಡಸರಾದ್ದರಿಂದ ಅಡುಗೆಮನೆಯ ದುಡಿಮೆ ವಿರಳ. ಸಂತೋಷದ ದಿನಗಳನ್ನು ಮಾತ್ರ ತೆಗೆಯುವ ರೂಢಿಯಿಂದಾಗಿ ಜಗಳ, ಕಾಯಿಲೆ, ಸಾಲ, ಸಾವುಗಳು ಕಾಣುವುದಿಲ್ಲ. ಆದ್ದರಿಂದ ಸಂಶೋಧಕರು ಇವನ್ನು ಮೌಖಿಕ ಇತಿಹಾಸ, ಕಾಗದಪತ್ರಗಳು ಮತ್ತು ಪತ್ರಿಕಾ ವರದಿಗಳೊಂದಿಗೆ ಹೋಲಿಸಿ ಬಳಸುತ್ತಾರೆ.

ಗುರುತಿಸುವಿಕೆ

ಹೆಸರು, ಊರು, ಕಾಲ ಬರೆದಿಡದ ಚಿತ್ರವನ್ನು ಗುರುತಿಸಲು ಹಲವು ದಾರಿಗಳಿವೆ. ಕೊಡಕ್ ಫಿಲ್ಮಿನ ಅಂಚಿನಲ್ಲಿ ಮುದ್ರಿತವಾದ ವೃತ್ತ, ಚೌಕ, ತ್ರಿಕೋನಗಳಂಥ ಚಿಹ್ನೆಗಳಿಂದ ಫಿಲ್ಮು ತಯಾರಾದ ವರ್ಷವನ್ನು ಊಹಿಸಬಹುದು. ವಾಹನಗಳ ನೋಂದಣಿ ಫಲಕ, ಚಿತ್ರಮಂದಿರದ ಭಿತ್ತಿಪತ್ರ, ಕಟ್ಟಡಗಳ ನಿರ್ಮಾಣ ಹಂತ ಇವೂ ನೆರವಾಗುತ್ತವೆ.

ಹೊರಗಿನ ಶೀರ್ಷಿಕೆಯನ್ನು ಮಾತ್ರ ನಂಬುವುದು ಅಪಾಯಕಾರಿ. 1899ರ, ಭಾರತದಲ್ಲಿ ತೆಗೆದ ಅತ್ಯಂತ ಹಳೆಯ ಉಳಿದ ಚಿತ್ರಗಳಲ್ಲಿ ಒಂದೆನಿಸಿದ ತುಣುಕಿಗೆ ಕಲ್ಕತ್ತೆಯ ನೋಟವೆಂಬ ಹೆಸರಿದ್ದರೂ, ಅದರಲ್ಲಿ ಕಾಣುವುದು ವಾರಾಣಸಿಯ ಗಂಗಾತೀರದ ಘಟ್ಟಗಳು. ಪ್ರಸಿದ್ಧ ಸ್ಥಳವಾದ್ದರಿಂದ ಈ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಹಳ್ಳಿಯ ಓಣಿಯೊಂದನ್ನು ಗುರುತಿಸಬಲ್ಲವರು ಅಲ್ಲಿ ಬೆಳೆದವರು ಮಾತ್ರ. ಫಿಲ್ಮು ತಕ್ಕ ವಾತಾವರಣದಲ್ಲಿ ನೂರು ವರ್ಷ ಬಾಳಬಹುದು, ಆದರೆ ಅದನ್ನು ಬಲ್ಲ ಹಿರಿಯರ ನೆನಪಿಗೆ ಅಷ್ಟು ಆಯುಷ್ಯವಿಲ್ಲ. ಹೀಗಾಗಿ ಸಂಗ್ರಹಕಾರರು ಡಿಜಿಟಲೀಕರಣದಷ್ಟೇ ಮಹತ್ವವನ್ನು ವಿವರಗಳನ್ನು ಕೇಳಿ ಬರೆದುಕೊಳ್ಳುವುದಕ್ಕೂ ನೀಡುತ್ತಾರೆ. ಚಿತ್ರ ತೋರಿಸುತ್ತಲೇ ಹಿರಿಯರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು ಸರಳ ವಿಧಾನ.

ಹಾಳಾಗುವಿಕೆ ಮತ್ತು ಸಂರಕ್ಷಣೆ

ಅಸಿಟೇಟ್ ಫಿಲ್ಮು ಶಾಖ ಮತ್ತು ತೇವದಿಂದ ವಿಘಟನೆಗೊಂಡು ಅಸಿಟಿಕ್ ಆಮ್ಲವನ್ನು ಬಿಡುಗಡೆ ಮಾಡುತ್ತದೆ. ಇದನ್ನು ವಿನೆಗರ್ ಸಿಂಡ್ರೋಮ್ ಎನ್ನುತ್ತಾರೆ. ಡಬ್ಬಿ ತೆರೆದಾಗ ಬರುವ ಹುಳಿ ವಾಸನೆ ಇದರ ಮೊದಲ ಲಕ್ಷಣ. ಅನಂತರ ಫಿಲ್ಮು ಕುಗ್ಗಿ, ಸೊಟ್ಟಗಾಗಿ, ಒಡೆಯುತ್ತದೆ. ಹೊರಬಿದ್ದ ಆಮ್ಲವೇ ವಿಘಟನೆಯನ್ನು ತ್ವರಿತಗೊಳಿಸುವುದರಿಂದ ಅಂಥ ಸುರುಳಿಯನ್ನು ಉಳಿದವುಗಳಿಂದ ಬೇರ್ಪಡಿಸಬೇಕಾಗುತ್ತದೆ. ವಿಡಿಯೊ ಟೇಪಿಗೆ ಶಿಲೀಂಧ್ರ, ಕಾಂತೀಯ ಲೇಪ ಉದುರುವಿಕೆ ಮುಖ್ಯ ಶತ್ರುಗಳು. ಟೇಪು ಚೆನ್ನಾಗಿದ್ದರೂ ಅದನ್ನು ಓಡಿಸುವ ಯಂತ್ರ ಸಿಗುವುದು ಕಷ್ಟವಾಗುತ್ತಿದೆ. ಜಪಾನಿನ ಫುನಾಯ್ ಸಂಸ್ಥೆ 2016ರಲ್ಲಿ ವಿಎಚ್‌ಎಸ್ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು.

ಮನೆಗಳಲ್ಲಿ ಅನುಸರಿಸಬಹುದಾದ ಸಾಮಾನ್ಯ ಕ್ರಮಗಳು:

• ಸುರುಳಿ, ಕ್ಯಾಸೆಟ್ಟುಗಳನ್ನು ತಂಪಾದ, ಒಣ ಸ್ಥಳದಲ್ಲಿ, ನೆಲಮಟ್ಟದಿಂದ ಮೇಲಿಡುವುದು. ತಗಡಿನ ಮಾಡಿನ ಕೆಳಗಿನ ಅಟ್ಟ ಸೂಕ್ತವಲ್ಲ.
• ಕುಗ್ಗಿದ ಹಳೆಯ ಫಿಲ್ಮನ್ನು ಹಳೆಯ ಪ್ರೊಜೆಕ್ಟರಿನಲ್ಲಿ ಓಡಿಸದಿರುವುದು. ಅದು ಹರಿಯುವ ಸಂಭವ ಹೆಚ್ಚು.
• ಡಬ್ಬಿಯ ಮೇಲಿನ ಬರಹ, ಚೀಟಿಗಳನ್ನು ಫಿಲ್ಮಿನೊಂದಿಗೇ ಉಳಿಸುವುದು.
• ಡಿಜಿಟಲ್ ಪ್ರತಿ ಮಾಡಿಸಿದ ನಂತರವೂ ಮೂಲವನ್ನು ಎಸೆಯದಿರುವುದು. ಪ್ರತಿಗಳನ್ನು ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಇಡುವುದು.

2002ರಲ್ಲಿ ಕೆಲವು ಚಲನಚಿತ್ರ ಸಂರಕ್ಷಣಾ ತಜ್ಞರು ಹೋಮ್ ಮೂವಿ ಡೇ ಎಂಬ ದಿನಾಚರಣೆಯನ್ನು ರೂಪಿಸಿದರು. ಜನರು ತಮ್ಮ ಮನೆಯ ಸುರುಳಿಗಳನ್ನು ತಂದು, ತಜ್ಞರಿಂದ ಪರೀಕ್ಷೆ ಮಾಡಿಸಿ, ಎಲ್ಲರೊಡನೆ ಕುಳಿತು ನೋಡುವುದು ಇದರ ಕ್ರಮ. ಯುನೆಸ್ಕೊ ಪ್ರತಿ ವರ್ಷ ಅಕ್ಟೋಬರ್ 27ನ್ನು ವಿಶ್ವ ದೃಶ್ಯಶ್ರಾವ್ಯ ಪರಂಪರೆಯ ದಿನವಾಗಿ ಆಚರಿಸುತ್ತದೆ.

ಹಕ್ಕು ಮತ್ತು ಗೌಪ್ಯತೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಗೃಹಚಿತ್ರಗಳು ಬಹುಮಟ್ಟಿಗೆ ಎಂದೂ ಪ್ರಕಟವಾಗದ ಕೃತಿಗಳಾದ್ದರಿಂದ ಅವುಗಳ ಬಳಕೆಗೆ ಕುಟುಂಬದವರ ಒಪ್ಪಿಗೆ ಪಡೆಯುವುದು ರೂಢಿ. ಚಿತ್ರದಲ್ಲಿರುವವರು ತಮ್ಮ ಮುಖ ಮುಂದೊಂದು ದಿನ ಸಾರ್ವಜನಿಕವಾದೀತೆಂದು ತಿಳಿದು ನಿಂತವರಲ್ಲ. ಆದ್ದರಿಂದ ಮಕ್ಕಳ, ಧಾರ್ಮಿಕ ವಿಧಿಗಳ ಹಾಗೂ ಮನೆಯೊಳಗಿನ ದೃಶ್ಯಗಳನ್ನು ಪ್ರಕಟಿಸುವಾಗ ಸಂಗ್ರಹಾಲಯಗಳು ವಿಶೇಷ ಎಚ್ಚರ ವಹಿಸುತ್ತವೆ. ಕೆಲವು ಭಾಗಗಳನ್ನು ಸಂಶೋಧಕರಿಗೆ ಮಾತ್ರ ತೋರಿಸುವ ಷರತ್ತನ್ನು ಕುಟುಂಬದವರು ಹಾಕಬಹುದು.

ಇವನ್ನೂ ನೋಡಿ

• ಸಾಕ್ಷ್ಯಚಿತ್ರ
• ಮೌಖಿಕ ಇತಿಹಾಸ
• ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ
• ನಿಪ್ಪಾಣಿ